ದೋಣಿ ಎಳೆದರೆ ಮಾತ್ರ ಸೋರುವ ಪಿಕಪ್

ಎರಡು ವರ್ಕ್‌ಶಾಪ್ ಸುತ್ತಿ ಬಂದ ಗಾಡಿಗೆ ಕೈ ಹಾಕಬಾರದು ಎಂದು ನಾನೇ ಎಲ್ಲರಿಗೂ ಉಪದೇಶ ಮಾಡುತ್ತೇನೆ. ಒಬ್ಬ ಬಿಚ್ಚಿದ್ದನ್ನು ಇನ್ನೊಬ್ಬ ಸರಿಯಾಗಿ ಕೂರಿಸಿರುವುದಿಲ್ಲ, ಕೊನೆಗೆ ಇಬ್ಬರ ತಪ್ಪಿಗೂ ಮೂರನೆಯವನು ಜವಾಬು ಕೊಡಬೇಕಾಗುತ್ತದೆ. ಆದರೆ ಉಪದೇಶ ಬೇರೆ, ಕುತೂಹಲ ಬೇರೆ. ಜಡಿಮಳೆಯ ಆಟಿ ತಿಂಗಳ, ಅಂದರೆ ಆಷಾಢದ, ಒಂದು ಬೆಳಿಗ್ಗೆ ಕಾಪುವಿನ ನನ್ನ ಗ್ಯಾರೇಜಿನ ಮುಂದೆ ಡಬಲ್ ಕ್ಯಾಬಿನ್ ಪಿಕಪ್ಪೊಂದು ಬಂದು ನಿಂತಾಗ, ಬೇಡ ಬೇಡ ಎನ್ನುತ್ತಲೇ ಅದರ ಅಡಿಗೆ ಬಗ್ಗಿ ನೋಡಿದೆ. ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಜಾಗದಲ್ಲಿ ಒಂದು ಕೆಂಪು ಹನಿ ನೇತಾಡುತ್ತಿತ್ತು. ಎಂಜಿನ್ ಎಣ್ಣೆಯಾದರೆ ಕಪ್ಪಗಿರುತ್ತದೆ. ಇದು ದಾಸವಾಳದ ಶರಬತ್ತಿನ ಬಣ್ಣ, ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ. ಆ ಹನಿ ಕೆಳಗೆ ಬಿತ್ತು, ಅದರ ಜಾಗಕ್ಕೆ ಇನ್ನೊಂದು ಬಂತು. ಅಲ್ಲಿಗೆ ನನ್ನ ಕಥೆ ಮುಗಿಯಿತು, ಗಾಡಿಯನ್ನು ಒಳಗೆ ತೆಗೆದುಕೊಂಡೆ.

ಗಾಡಿಯ ಯಜಮಾನಿ ಮೀನುಗಾರ ಮನೆತನದವರು. ಹಿಂದೆ ಮಲ್ಪೆ ಬಂದರಿನ ಬೆಳಗಿನ ಹರಾಜಿನಲ್ಲಿ ಗಂಡಸರ ಸ್ವರದ ಮೇಲೆ ಸ್ವರ ಏರಿಸಿ ಮೀನು ಕೊಳ್ಳುತ್ತಿದ್ದ ಹೆಂಗಸು. ಆ ವ್ಯಾಪಾರ ಬಿಟ್ಟು ಈ ಪಿಕಪ್ಪನ್ನೂ ಒಂದು ಟ್ರೈಲರನ್ನೂ ಮಾಡಿಕೊಂಡು ದೋಣಿ ಸಾಗಿಸುವ ಕೆಲಸಕ್ಕೆ ಇಳಿದಿದ್ದರು. ನಮ್ಮ ಕಡೆಯ ನಾಡದೋಣಿಯವರ ಗುಂಪು ಬೇಸಿಗೆಯ ಕೊನೆಯಲ್ಲಿ ತಮ್ಮ ದೋಣಿಗಳನ್ನು ರಿಪೇರಿಗೆಂದು ಬೆಳ್ಮಣ್‌ನ ಒಂದು ಫೈಬರ್ ಶೆಡ್ಡಿಗೆ ಕಳಿಸಿತ್ತು. ಮಳೆಗಾಲದ ಬಿಡುವು ಮುಗಿಸಿ ಕಡಲಿಗಿಳಿಯುವ ಮುನ್ನ ಮಾಡುವ ಸಮುದ್ರ ಪೂಜೆಯ ಮೊದಲು ಅಷ್ಟೂ ದೋಣಿಗಳು ತಿರುಗಿ ಕಡಲ ಬದಿಗೆ ಬರಬೇಕು. ಅದುವರೆಗೆ ಆ ಕೆಲಸ ಮಾಡುತ್ತಿದ್ದವನು ಒಬ್ಬ ಟ್ರ್ಯಾಕ್ಟರಿನವನು. ಅವನಿಂದ ಬಿಡಿಸಿ ಈ ಅಕ್ಕನಿಗೆ ಮೊದಲ ಸಲ ಕೊಟ್ಟಿದ್ದರು.

“ಹೋಗುವಾಗ ಅಷ್ಟೂ ದೋಣಿ ಇದೇ ಗಾಡಿಯಲ್ಲಿ ಮುಟ್ಟಿಸಿದ್ದೇನೆ ಅಣ್ಣ, ಒಂದು ಹನಿ ಬಿದ್ದದ್ದಿಲ್ಲ,” ಎಂದರು ಅಕ್ಕ. “ಈಗ ಒಂದು ದೋಣಿ ತಂದರೆ ಸಾಕು, ಸೋರ್ತದೆ. ಖಾಲಿ ಓಡಿಸಿದರೆ ಎಂತದ್ದೂ ಇಲ್ಲ. ನನ್ನ ಮೇಲೆ ಇದಕ್ಕೆ ಎಂತ ದ್ವೇಷ ಉಂಟೋ.”

ಮೊದಲ ವರ್ಕ್‌ಶಾಪಿನವರು ಗೇರ್‌ಬಾಕ್ಸಿನ ಕೆಳಗಿನ ಪ್ಯಾನಿನ ಗ್ಯಾಸ್ಕೆಟ್ ಬದಲಿಸಿ ಕೈ ತೊಳೆದುಕೊಂಡಿದ್ದರು. ಎರಡನೆಯವರು ಗೇರ್‌ಬಾಕ್ಸನ್ನೇ ಇಳಿಸಿ ಮುಂದಿನ ಪಂಪಿನ ಸೀಲ್ ಹೊಸತು ಹಾಕಿದ್ದರು. ಮುಂದಿನ ದೋಣಿ ಬರುವವರೆಗೆ ಎಲ್ಲ ಒಣಗಿಯೇ ಇತ್ತು. ದೋಣಿ ಬಂದ ಮೇಲೆ ಅದೇ ಕೆಂಪು. ಈಗ ಅವರು ಇಡೀ ಗೇರ್‌ಬಾಕ್ಸ್ ಬದಲಿಸಬೇಕು, ಅದನ್ನು ಹೊರಗಿಂದ ತರಿಸಬೇಕು, ಬರುವಾಗ ಬರುತ್ತದೆ ಎಂದು ಹೇಳಿದ್ದರು. ಬರುವಾಗ ಬಂದರೆ ಸಮುದ್ರ ಪೂಜೆ ಅದಕ್ಕಾಗಿ ಕಾಯುತ್ತದೆಯೇ? ಪೂಜೆಯ ದಿನ ದೋಣಿ ನೀರಿಗೆ ಮುಟ್ಟಿಸದಿದ್ದರೆ ಕೆಲಸ ಟ್ರ್ಯಾಕ್ಟರಿನವನ ಕೈಗೆ ತಿರುಗಿ ಹೋಗುತ್ತದೆ, ಆಮೇಲೆ ಒಬ್ಬ ಹೆಂಗಸಿಗೆ ಅದನ್ನು ಇನ್ನೊಮ್ಮೆ ಕೊಡುವವರಿಲ್ಲ. ಅಕ್ಕ ಇದನ್ನು ಅತ್ತುಕೊಂಡು ಹೇಳಲಿಲ್ಲ. ಮೀನಿನ ರೇಟು ಹೇಳುವ ಹಾಗೆ ಹೇಳಿದರು.

ಸೋರುವ ಗಾಡಿಗೆ ಮೊದಲು ಮಾಡಬೇಕಾದ್ದು ಸ್ನಾನ. ಹಳೆ ಎಣ್ಣೆ ಎಲ್ಲೆಲ್ಲಿಗೋ ಹರಿದು, ಗಾಳಿಗೆ ಹಿಂದೆ ಹಾರಿ, ಸೋರುವ ಜಾಗ ಒಂದಾದರೆ ಒದ್ದೆಯಾದ ಜಾಗ ಹತ್ತು ಕಾಣುತ್ತದೆ. ಲಿಫ್ಟಿಗೆ ಏರಿಸಿ ಡೀಸೆಲ್ ಹೊಡೆದು, ಆಮೇಲೆ ಪ್ರೆಶರ್ ನೀರು ಬಿಟ್ಟೆ. ಕೆಸರು ಹೋಯಿತು, ಎಣ್ಣೆ ಹೋಯಿತು. ಅದರ ಕೆಳಗೆ ಚಾಸಿಗೆಲ್ಲ ದಪ್ಪಗೆ ಬಳಿದ ಕಪ್ಪು ಪದರವೊಂದು ಇತ್ತು, ಅದು ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಅಂಡರ್ ಕೋಟಿಂಗ್ ಎಲ್ಲಿ ಮಾಡಿಸಿದ್ದು ಎಂದು ಅಕ್ಕನಲ್ಲಿ ಕೇಳಿದೆ. ಮನೆಯಲ್ಲೇ ಎಂದರು. ಕಡಲ ಬದಿಯಲ್ಲಿ ಉಪ್ಪುಗಾಳಿಗೆ ಹೆದರಿ ಗಾಡಿಯ ಅಡಿಗೆ ಏನಾದರೊಂದು ಬಳಿಯದವರು ಯಾರೂ ಇಲ್ಲ, ಹೆಚ್ಚಿನವರು ಹಳೆ ಎಂಜಿನ್ ಎಣ್ಣೆ ಬಳಿಯುತ್ತಾರೆ. ಒಳ್ಳೆಯದಾಯಿತು, ತುಕ್ಕು ಹಿಡಿಯುವುದಿಲ್ಲ ಎಂದುಕೊಂಡು ನಾನು ಮುಂದೆ ಹೋದೆ.

ಒಣಗಿದ ಮೇಲೆ ಗೇರ್‌ಬಾಕ್ಸಿನ ಸುತ್ತ ಟಾಲ್ಕಂ ಪೌಡರ್ ಉದುರಿಸಿದೆ. ಬಿಳಿಯ ಮೇಲೆ ಕೆಂಪು ಹನಿ ಎಲ್ಲಿಂದ ಹೊರಟರೂ ಗೆರೆ ಬೀಳುತ್ತದೆ. ಅಕ್ಕ ಅದನ್ನು ನೋಡಿ, ಗಾಡಿಗೆ ಮದುವೆ ನಿಶ್ಚಯ ಆಯಿತಾ ಎಂದು ಕೇಳಿದರು. ಸಾಲದ್ದಕ್ಕೆ ಎಣ್ಣೆಯೊಳಗೆ ನೀಲಿ ಟಾರ್ಚಿಗೆ ಹೊಳೆಯುವ ಬಣ್ಣವನ್ನೂ ಬೆರೆಸಿದೆ. ಎಣ್ಣೆಯ ಮಟ್ಟವನ್ನು ಪರೀಕ್ಷಿಸಿದೆ. ಈ ಗೇರ್‌ಬಾಕ್ಸಿಗೆ ಅದ್ದಿ ನೋಡುವ ಕಡ್ಡಿ ಇಲ್ಲ, ಎಣ್ಣೆ ಬಿಸಿಯಾದ ಮೇಲೆ ಎಂಜಿನ್ ಓಡುತ್ತಿರುವಾಗಲೇ ಬದಿಯ ಪ್ಲಗ್ ಬಿಚ್ಚಬೇಕು, ಅದರ ಬಾಯಿಂದ ನೂಲಿನಂತೆ ಸಣ್ಣಗೆ ಬಂದರೆ ಮಟ್ಟ ಸರಿ. ಯಾರಾದರೂ ಜಾಸ್ತಿ ತುಂಬಿಸಿ ಉಕ್ಕುತ್ತಿರಬಹುದು ಎಂಬ ಸಂಶಯ ನನಗಿತ್ತು. ನೂಲಿನಂತೆಯೇ ಬಂತು. ಸಂಶಯ ಅಲ್ಲಿಗೆ ಹೋಯಿತು.

ಶಿರ್ವದವರೆಗೆ ಖಾಲಿ ಓಡಿಸಿ ತಂದೆ. ಪೌಡರ್ ಹಾಕಿದ್ದು ಹಾಕಿದಂತೆಯೇ ಇತ್ತು. ಅದೇ ದಿನ ಅಕ್ಕ ಟ್ರೈಲರ್ ಕಟ್ಟಿಕೊಂಡು ಬೆಳ್ಮಣ್‌ಗೆ ಹೋಗಿ ಒಂದು ದೋಣಿ ತಂದರು. ಗ್ಯಾರೇಜಿಗೆ ಬಂದು ನೀಲಿ ಟಾರ್ಚ್ ಹಿಡಿದರೆ ಎಂಜಿನ್ನಿಗೆ ಕೂಡುವ ಗೇರ್‌ಬಾಕ್ಸಿನ ಮುಂಗವಚ, ಬೆಲ್ ಹೌಸಿಂಗಿನ ಕೆಳಗಿನ ತುಟಿಯಿಂದ ಹಳದಿ ಹಸಿರಾಗಿ ಹೊಳೆಯುವ ಒಂದು ಗೆರೆ ಇಳಿದಿತ್ತು. ಪ್ಯಾನ್ ಒಣಗಿದೆ, ಕೂಲರಿನ ಪೈಪ್ ಒಣಗಿದೆ, ಹಿಂದಿನ ಸೀಲ್ ಒಣಗಿದೆ. ಸೋರುವುದು ಮುಂದಿನ ಪಂಪಿನ ಸೀಲೇ. ಎರಡನೆಯ ವರ್ಕ್‌ಶಾಪಿನವರು ಜಾಗವನ್ನು ಸರಿಯಾಗಿ ಹಿಡಿದಿದ್ದಾರೆ, ಕೂರಿಸುವುದರಲ್ಲಿ ಎಡವಿದ್ದಾರೆ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಇನ್ನೊಬ್ಬರು ಎಡವಿದ ಜಾಗದಲ್ಲಿ ಗೆಲ್ಲುವ ಖುಷಿಯೇ ಬೇರೆ.

ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇಳಿಸುವುದು ಹುಡುಗಾಟವಲ್ಲ. ಪ್ರೊಪೆಲ್ಲರ್ ಶಾಫ್ಟ್, ಅಡ್ಡ ಬೀಮು, ಕೂಲರ್ ಪೈಪುಗಳು, ವಯರುಗಳು, ಉಸಿರಾಟದ ರಬ್ಬರ್ ಟ್ಯೂಬು, ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನ ಬೋಲ್ಟುಗಳು ಒಂದೊಂದೇ ಬಿಡಿಸಿ, ಅಷ್ಟು ಭಾರವನ್ನು ಜ್ಯಾಕಿನ ಮೇಲೆ ಓಲಾಡದಂತೆ ಹಿಂದಕ್ಕೆಳೆದು ಇಳಿಸಬೇಕು. ನಾನೂ ನನ್ನ ಜೊತೆ ಕೆಲಸ ಮಾಡುವ ಮೇಸ್ತ್ರಿಯೂ ಸೇರಿ ಇಳಿಸಿದೆವು. ಸೀಲನ್ನು ಕಿತ್ತು ಬೆಳಕಿಗೆ ಹಿಡಿದೆ. ಕೆಟ್ಟಿರಬೇಕಿತ್ತು, ಕೆಟ್ಟಿರಲಿಲ್ಲ. ರಬ್ಬರಿನ ತುಟಿ ಮೆತ್ತಗೆ ಒಂದೇ ಸಮನಾಗಿತ್ತು. ಅದು ಕೂತ ಕನ್ವರ್ಟರಿನ ಕೊರಳನ್ನು ಉಗುರಿನಿಂದ ಗೀರಿ ನೋಡಿದೆ, ಗೆರೆ ಬಿದ್ದಿರಲಿಲ್ಲ. ಬುಶ್ ಸವೆದಿರಲಿಲ್ಲ. ಸಮಾಧಾನಕ್ಕೆ ಇನ್ನೊಂದು ಹೊಸ ಸೀಲನ್ನು ಎಣ್ಣೆ ಸವರಿ, ಓರೆಯಾಗದಂತೆ ಸುತ್ತಲೂ ಮೆಲ್ಲಗೆ ಬಡಿದು ಕೂರಿಸಿದೆ. ಕನ್ವರ್ಟರ್ ಪೂರ್ತಿ ಒಳಗೆ ಕೂತಿತೋ ಎಂದು ಅಳತೆ ಹಿಡಿದು ನೋಡಿದೆ. ಬಿಚ್ಚಿದ್ದನ್ನೆಲ್ಲ ಸಾಲಾಗಿ ಜೋಡಿಸಿದೆ. ಇಷ್ಟು ಅಚ್ಚುಕಟ್ಟಾಗಿ ನನ್ನ ಸ್ವಂತ ಗಾಡಿಗೂ ಕೆಲಸ ಮಾಡಿದವನಲ್ಲ.

ಮರುದಿನ ಅಕ್ಕ ಇನ್ನೊಂದು ದೋಣಿ ತಂದರು. ನಾನು ಟಾರ್ಚನ್ನೂ ಹಿಡಿಯಲಿಲ್ಲ, ಬೇಕಾಗಲಿಲ್ಲ. ಗಾಡಿ ನಿಂತು ಎಂಜಿನ್ ಆರಿಸುವಷ್ಟರಲ್ಲಿ ಒಂದು ಹನಿ ಸಿಮೆಂಟಿನ ನೆಲದ ಮೇಲೆ ಬಿತ್ತು. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವನು ನಾನು, ಸ್ಪ್ಯಾನರನ್ನು ಮೂಲೆಗೆ ಎಸೆದೆ. ಮೇಸ್ತ್ರಿ ಹೋಗಿ ಅದನ್ನು ಎತ್ತಿ ಅದರ ಜಾಗದಲ್ಲಿ ಇಟ್ಟರು. ಅದಕ್ಕಿಂತ ಎರಡು ಬೈದಿದ್ದರೆ ಚೆನ್ನಾಗಿತ್ತು.

ಅದೇ ಸಂಜೆ ಗುರಿಕಾರರು ಬಂದರು. ದೋಣಿಯವರ ಗುಂಪಿಗೆ ಅವರೇ ಹಿರಿಯರು, ಅವರ ಮಾತಿನ ಮೇಲೆ ಮಾತಿಲ್ಲ. ಗದರಲಿಲ್ಲ. ಶೆಡ್ಡಿನಲ್ಲಿ ಇನ್ನೂ ಎಷ್ಟೋ ದೋಣಿಗಳು ಉಳಿದಿವೆ, ಇವತ್ತಿನ ದೋಣಿ ಬರುವಾಗ ರಸ್ತೆಯಲ್ಲಿ ಎಣ್ಣೆಯ ಚುಕ್ಕೆ ಇಟ್ಟುಕೊಂಡೇ ಬಂದಿತಂತೆ, ನಡುದಾರಿಯಲ್ಲಿ ಗೇರ್‌ಬಾಕ್ಸ್ ಹಿಡಿದುಕೊಂಡರೆ ದೋಣಿಯ ಗತಿ ಏನು ಎಂದು ಕೇಳಿದರು. ಈ ವಾರದೊಳಗೆ ಸರಿಯಾಗದಿದ್ದರೆ ಟ್ರ್ಯಾಕ್ಟರಿನವನಿಗೆ ಹೇಳಬೇಕಾಗುತ್ತದೆ ಎಂದರು. ಅಕ್ಕ ಆಯಿತು ಎಂಬಂತೆ ತಲೆ ಅಲ್ಲಾಡಿಸಿದರು. ಅವರು ಹೋದ ಮೇಲೆ ನನ್ನ ಕಡೆ ತಿರುಗಿದರು.

“ಆ ವರ್ಕ್‌ಶಾಪಿನವರು ಹೊಸ ಗೇರ್‌ಬಾಕ್ಸಿಗೆ ಹೂಂ ಎನ್ನಬೇಕಾ ಎಂದು ಮತ್ತೆ ಫೋನ್ ಮಾಡಿದ್ದರು ಅಣ್ಣ. ಎಂತ ಹೇಳಲಿ?”

ಹೂಂ ಎನ್ನಿ ಎಂದುಬಿಟ್ಟರೆ ನಾನು ಬಚಾವು, ಗಾಡಿ ನನ್ನ ಅಂಗಳದಿಂದ ಹೋಗುತ್ತದೆ. ಆದರೆ ಕಿತ್ತ ಸೀಲು ಇನ್ನೂ ನನ್ನ ಮೇಜಿನ ಮೇಲಿತ್ತು. ಅದನ್ನು ಬೆರಳಲ್ಲಿ ತಿರುಗಿಸುತ್ತ ಕೂತೆ. ಕಂಪನಿಯ ಮೂಲ ಸೀಲು ಸೋರಿತು, ಆ ವರ್ಕ್‌ಶಾಪಿನವರು ಹಾಕಿದ್ದು ಸೋರಿತು, ನಾನು ಹಾಕಿದ್ದೂ ಸೋರಿತು. ಮೂರೂ ಕೆಟ್ಟ ಸೀಲುಗಳಾಗಿರಲು ಸಾಧ್ಯವೇ ಇಲ್ಲ. ಬಾಗಿಲು ಗಟ್ಟಿಯಾಗಿಯೇ ಉಂಟು, ಒಳಗಿಂದ ಯಾರೋ ದೂಡುತ್ತಿದ್ದಾರೆ. ನಾವು ಮೂವರೂ ಎಣ್ಣೆ ಎಲ್ಲಿಂದ ಬರುತ್ತದೆ ಎಂದು ಹುಡುಕಿದೆವೇ ಹೊರತು ಯಾಕೆ ಬರುತ್ತದೆ ಎಂದು ಕೇಳಿರಲಿಲ್ಲ. ಹೊಸ ಗೇರ್‌ಬಾಕ್ಸ್ ಹಾಕಿದರೂ ದೂಡುವವನು ಹಾಗೇ ಉಳಿದರೆ ಅದೂ ಸೋರುತ್ತದೆ.

“ಬೇಡ ಎಂದು ಹೇಳಿ ಅಕ್ಕ,” ಎಂದೆ. “ಗೇರ್‌ಬಾಕ್ಸಿಗೆ ಎಂತದ್ದೂ ಆಗಿಲ್ಲ. ಅದನ್ನು ಇನ್ನೊಮ್ಮೆ ಬಿಚ್ಚುವುದೂ ಇಲ್ಲ.”

ಅವರು ನನ್ನ ಮುಖವನ್ನೇ ನೋಡಿದರು. ಹರಾಜಿನಲ್ಲಿ ಬುಟ್ಟಿಯ ಮೇಲಿನ ಮೀನು ನೋಡಿ ಅಡಿಯದ್ದು ಹೇಗಿರಬಹುದು ಎಂದು ಅಳೆದವರು, ನನ್ನನ್ನೂ ಹಾಗೇ ಅಳೆದರು. ಆಮೇಲೆ ನನ್ನೆದುರೇ ಫೋನ್ ಮಾಡಿ ಬೇಡ ಎಂದರು. ಈಗ ತಪ್ಪಿದರೆ ಪೂರ್ತಿ ಹೊಣೆ ನನ್ನದೇ ಆಯಿತು. ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ.

ಗೇರ್‌ಬಾಕ್ಸಿನೊಳಗೆ ಪಂಪಿನ ಎಣ್ಣೆಗೆ ಪ್ರೆಶರ್ ಇರುತ್ತದೆ, ಅದು ಕೊಳವೆಗಳ ಒಳಗಿನ ಮಾತು. ಅದರ ಹೊಟ್ಟೆಯ ಖಾಲಿ ಜಾಗದಲ್ಲಿ ಪ್ರೆಶರ್ ಇರಕೂಡದು. ಉಂಟೋ ಇಲ್ಲವೋ ನೋಡಬೇಕಾದರೆ ತೀರಾ ಸಣ್ಣ ಒತ್ತಡ ತೋರಿಸುವ ಗೇಜ್ ಬೇಕು. ನನ್ನಲ್ಲಿದ್ದ ಗೇಜುಗಳೆಲ್ಲ ದೊಡ್ಡ ಲೆಕ್ಕದವು, ಅಷ್ಟು ಸಣ್ಣದಕ್ಕೆ ಅವುಗಳ ಮುಳ್ಳು ನಿದ್ದೆಯಿಂದ ಏಳುವುದೇ ಇಲ್ಲ. ಯೋಚಿಸುತ್ತ ಯೋಚಿಸುತ್ತ, ಡಾಕ್ಟರರು ತೋಳಿಗೆ ಪಟ್ಟಿ ಸುತ್ತಿ ನೋಡುವ ಬಿಪಿಯ ಡಯಲ್ ನೆನಪಾಯಿತು. ಮಣಿಪಾಲಕ್ಕೆ ಬೈಕ್ ಹತ್ತಿಸಿದೆ. ಆಸ್ಪತ್ರೆಯ ಉಪಕರಣ ರಿಪೇರಿ ಮಾಡುವ ಅಂಗಡಿಯವರಲ್ಲಿ ಪಟ್ಟಿ ಹರಿದುಹೋದ ಹಳೆಯ ಡಯಲೊಂದು ಸಿಕ್ಕಿತು. ಯಾರಿಗೆ ಬಿಪಿ ಎಂದು ಕೇಳಿದರು. ಪಿಕಪ್ಪಿಗೆ ಎಂದೆ. ಅವರು ನಗಲೂ ಇಲ್ಲ, ನಂಬಲೂ ಇಲ್ಲ. ಬರುವ ದಾರಿಯಲ್ಲಿ ಉಡುಪಿಯ ಲೇಥ್ ಅಂಗಡಿಯಲ್ಲಿ ಎಣ್ಣೆ ತುಂಬುವ ಪ್ಲಗ್ಗಿನ ತಿರುಪಿನ ಚೂಡಿಗೆ ಸರಿಯಾಗಿ ನಡುವೆ ತೂತಿರುವ ಒಂದು ಹಿತ್ತಾಳೆಯ ಪ್ಲಗ್ ಕೊರೆಸಿಕೊಂಡೆ. ಆ ಪ್ಲಗ್ಗಿನಿಂದ ಪಾರದರ್ಶಕ ಟ್ಯೂಬೊಂದನ್ನು ನೆಲದ ರಬ್ಬರ್ ಬಿರಡೆಯೊಳಗಿಂದ ಕ್ಯಾಬಿನ್ನಿಗೆ ತಂದು ತುದಿಗೆ ಡಯಲ್ ಸಿಕ್ಕಿಸಿ ಡ್ಯಾಶ್‌ಬೋರ್ಡಿನ ಮೇಲೆ ಟೇಪ್ ಹಾಕಿ ಅಂಟಿಸಿದೆ.

ಇನ್ನು ಬೇಕಾದದ್ದು ಏರು. ಬೆಳ್ಮಣ್‌ನಿಂದ ಕಾಪುವಿನ ರಸ್ತೆ ಏರೂ ಇಳಿತವೂ ಬೆರೆತದ್ದು, ಗೇರ್‌ಬಾಕ್ಸಿಗೆ ನಡುನಡುವೆ ದಣಿವಾರಿಸಿಕೊಳ್ಳಲು ಬಿಡುತ್ತದೆ. ನನಗೆ ಬಿಡುವೇ ಕೊಡದ ರಸ್ತೆ ಬೇಕಿತ್ತು. ಕಾರ್ಕಳ ದಾಟಿ ಬಜಗೋಳಿ, ಅಲ್ಲಿಂದ ಕುದುರೆಮುಖದ ಕಡೆಗೆ ಘಾಟಿ ಹತ್ತುವ ರಸ್ತೆ. ದೋಣಿ ಕಟ್ಟಿಕೊಂಡೇ ಹೋಗಬೇಕು ಎಂದೆ. ಅಕ್ಕ ಗುರಿಕಾರರಿಗೆ ಫೋನ್ ಮಾಡಿ, ನಿಮ್ಮ ದೋಣಿಯನ್ನೇ ಟ್ರಯಲಿಗೆ ತರುತ್ತೇವೆ, ಸ್ವಲ್ಪ ಸುತ್ತಾಗುತ್ತದೆ ಎಂದು ಹೇಳಿ ಒಪ್ಪಿಸಿದರು. ಎಷ್ಟು ಸುತ್ತು ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ.

ಬೆಳ್ಮಣ್‌ನಲ್ಲಿ ದೋಣಿ ಏರಿಸಿಕೊಂಡು ಹೊರಟೆವು. ಅಕ್ಕ ಸ್ಟೇರಿಂಗಿನಲ್ಲಿ, ನಾನು ಡಯಲಿನ ಮುಂದೆ. ಕಾರ್ಕಳದವರೆಗೆ ಮುಳ್ಳು ತುಸು ಎದ್ದು ನಿಂತಿತ್ತು, ಅಷ್ಟೇ. ಗೇರುಬೀಜ ಹುರಿಯುವ ವಾಸನೆ ಮೂಗಿಗೆ ಬಂತು. ಕಾರ್ಕಳದ ಸುತ್ತ ಗೇರುಬೀಜದ ಕಾರ್ಖಾನೆಗಳು ಬೇಕಾದಷ್ಟು, ಆ ವಾಸನೆಯನ್ನು ನಾವು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಬಜಗೋಳಿಯ ಜಂಕ್ಷನ್ನಿನಲ್ಲಿ ಚಾ ಕುಡಿಯಲು ನಿಂತೆವು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ದೋಣಿಯ ಸುತ್ತ ಸೇರಿದರು. ಘಟ್ಟದ ಮೇಲೆ ಕಡಲು ಬಂತಾ ಮಾರಾಯ್ರೆ ಎಂದು ಒಬ್ಬರು ಕೇಳಿದರು. ಇನ್ನೊಬ್ಬರು ಫೋಟೊ ತೆಗೆದರು. ಚಾ ಮುಗಿಯುವ ಮೊದಲೇ ಆ ಫೋಟೊ ಯಾರ್ಯಾರಿಗೋ ಹೋಗಿ ಕಾಪು ಮುಟ್ಟಿತು, ಅಕ್ಕನ ಫೋನ್ ಹೊಡೆದುಕೊಂಡಿತು. ಗುರಿಕಾರರ ಸ್ವರ ನನಗೂ ಕೇಳುತ್ತಿತ್ತು. ತಮ್ಮ ದೋಣಿ ಬಜಗೋಳಿಯಲ್ಲಿ ಎಂತ ಮಾಡುತ್ತಿದೆ ಎಂಬುದು ಅವರ ಪ್ರಶ್ನೆ.

“ಸ್ವಲ್ಪ ಸುತ್ತು ಎಂದು ಹೇಳಿದ್ದೆ ಅಲ್ವಾ,” ಎಂದು ಅಕ್ಕ ಫೋನಿಟ್ಟರು. ನಾನು ಚಾ ಮುಗಿಸಿದೆ.

ಏರು ಶುರುವಾಯಿತು. ಮಳೆ ಬಿಟ್ಟಿತ್ತು, ರಸ್ತೆ ಒದ್ದೆ. ಒಂದೆರಡು ತಿರುವು ಕಳೆದದ್ದೇ ಮುಳ್ಳು ಏಳತೊಡಗಿತು. ನೋಡನೋಡುತ್ತ ಡಯಲಿನ ಅರ್ಧ ದಾಟಿತು. ಮನುಷ್ಯನಾಗಿದ್ದರೆ ಆಸ್ಪತ್ರೆಗೆ ಸೇರಿಸುವ ಲೆಕ್ಕ. ನನಗೆ ಖುಷಿಯೋ ಖುಷಿ. ದೂಡುವವನು ಸಿಕ್ಕಿಬಿದ್ದಿದ್ದ. ಬದಿಯಲ್ಲಿ ಅಗಲ ಜಾಗ ನೋಡಿ ನಿಲ್ಲಿಸಲು ಹೇಳಿದೆ. ಚಕ್ರಗಳಿಗೆ ಕಲ್ಲು ಕೊಟ್ಟು ಗೋಣಿ ಹಾಸಿಕೊಂಡು ಅಡಿಗೆ ನುಗ್ಗಿದೆ. ಬೆಲ್ ಹೌಸಿಂಗಿನ ತುಟಿಯಿಂದ ಕೆಂಪು ಹನಿ ನನ್ನ ಕಣ್ಣೆದುರೇ ಹೊರಡುತ್ತಿತ್ತು. ಮತ್ತು ಅಲ್ಲಿ, ಯಾವ ಕಾರ್ಖಾನೆಯೂ ಇಲ್ಲದ ಆ ಕಾಡಿನ ಅಂಚಿನಲ್ಲಿ, ಗೇರುಬೀಜ ಹುರಿಯುವ ವಾಸನೆ ಘಮ್ಮೆಂದು ಬಡಿಯಿತು.

“ಅಕ್ಕ,” ಎಂದು ಅಡಿಯಿಂದಲೇ ಕರೆದೆ. “ಗಾಡಿಯ ಅಡಿಗೆ ಬಳಿದದ್ದು ಎಂತ?”

“ಗೇರುಬೀಜದ ಸಿಪ್ಪೆಯ ಎಣ್ಣೆ. ಮಾವ ಬಳಿದದ್ದು.”

ಮರದ ದೋಣಿಗಳಿಗೆ ಮಳೆಯ ಮೊದಲು ಆ ಎಣ್ಣೆ ಬಳಿಯುವುದು ಕಡಲ ಬದಿಯ ಹಳೆ ಪದ್ಧತಿ. ಹುಳ ಹಿಡಿಯುವುದಿಲ್ಲ, ನೀರು ಇಳಿಯುವುದಿಲ್ಲ, ಒಣಗಿದರೆ ಅರಗಿನಂತೆ ಗಟ್ಟಿಯಾಗುತ್ತದೆ. ಹೋದ ದೋಣಿಗಳನ್ನೆಲ್ಲ ಬೆಳ್ಮಣ್‌ಗೆ ಮುಟ್ಟಿಸಿ ಆದ ಮೇಲೆ, ಮಳೆ ಹಿಡಿಯುವ ಮೊದಲು, ಅಕ್ಕನ ಮಾವ ಕಾರ್ಕಳದಿಂದ ಒಂದು ಡಬ್ಬಿ ತರಿಸಿ ಪಿಕಪ್ಪಿನ ಅಡಿಗೆ ಎರಡೆರಡು ಕೈ ಬಳಿದಿದ್ದರಂತೆ. ಬೇಸಿಗೆಯಲ್ಲಿ ಸೋರದ ಗಾಡಿ ಆಟಿಯಲ್ಲಿ ಯಾಕೆ ಸೋರಿತು ಎಂಬುದಕ್ಕೆ ಉತ್ತರ ನನ್ನ ಮೂಗಿನ ಮೇಲೆಯೇ ಮೆತ್ತಗಾಗಿ ಇಳಿಯುತ್ತಿತ್ತು.

ಎಲ್ಲ ಗೇರ್‌ಬಾಕ್ಸಿಗೂ ಉಸಿರಾಡಲು ಒಂದು ದಾರಿ ಇರುತ್ತದೆ. ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ, ಅದು ಹೊರಗೆ ಹೋಗಬೇಕು. ಈ ಗಾಡಿಯಲ್ಲಿ ಅದಕ್ಕೊಂದು ರಬ್ಬರ್ ಟ್ಯೂಬು, ಗೇರ್‌ಬಾಕ್ಸಿನ ನೆತ್ತಿಯಿಂದ ಹೊರಟು ಚಾಸಿಯ ಒಳಬದಿಗೆ ಕ್ಲಿಪ್ಪಿನಲ್ಲಿ ಕೂತು ಬಾಯಿ ಕೆಳಗೆ ಮಾಡಿಕೊಂಡಿರುತ್ತದೆ. ಗೇರ್‌ಬಾಕ್ಸ್ ಇಳಿಸುವಾಗ ಎರಡನೆಯ ವರ್ಕ್‌ಶಾಪಿನವರೂ ನಾನೂ ಈ ಟ್ಯೂಬನ್ನು ನೆತ್ತಿಯ ಕಡೆಯಿಂದ ಕಿತ್ತಿದ್ದೆವು, ಅಲ್ಲಿಗೇ ಸಿಕ್ಕಿಸಿದ್ದೆವು. ಇನ್ನೊಂದು ತುದಿ ಚಾಸಿಯ ಮೇಲೆ ಕಪ್ಪು ಪದರದೊಳಗೆ ಮುಳುಗಿತ್ತು, ಯಾರೂ ಅದರ ಮುಖ ನೋಡಿರಲಿಲ್ಲ. ಖಾಲಿ ಗಾಡಿಗೆ ಬಿಸಿ ಕಡಿಮೆ, ಹೇಗೋ ಸುಧಾರಿಸುತ್ತಿತ್ತು. ದೋಣಿ ಎಳೆಯುವಾಗ ಒಳಗಿನ ಗಾಳಿ ಹಿಗ್ಗಿ, ಉಸಿರು ಬಿಡಲು ದಾರಿ ಕಾಣದೆ, ಇದ್ದುದರಲ್ಲಿ ಮೆತ್ತಗಿನ ಜಾಗವಾದ ಸೀಲಿನ ತುಟಿಯನ್ನೇ ಎತ್ತಿ ಎಣ್ಣೆಯನ್ನು ಹೊರಗೆ ದೂಡುತ್ತಿತ್ತು.

ಬ್ಲೇಡಿನಿಂದ ಪದರ ಕೆತ್ತಿ ಟ್ಯೂಬನ್ನು ಕ್ಲಿಪ್ಪಿನಿಂದ ಬಿಡಿಸಿದೆ. ಬಾಯಿ ಗಟ್ಟಿ ಮುಚ್ಚಿತ್ತು. ಅಕ್ಕನಿಗೆ ಡಯಲ್ ನೋಡುತ್ತಿರಲು ಹೇಳಿ ತುದಿಯನ್ನು ಒಂದೇ ಏಟಿಗೆ ಕೊಯ್ದೆ. ಪುಸ್ ಎಂದು ಬಿಸಿ ಗಾಳಿ ನನ್ನ ಮಣಿಗಂಟಿಗೆ ಹೊಡೆಯಿತು.

“ಬಿತ್ತು ಅಣ್ಣ,” ಎಂದರು ಅಕ್ಕ ಮೇಲಿನಿಂದ. “ಮುಳ್ಳು ಕೆಳಗೆ ಬಿತ್ತು. ಪೂರ್ತಿ ಬಿತ್ತು.”

ನೇತಾಡುತ್ತಿದ್ದ ಕೆಂಪು ಹನಿ ಇನ್ನೂ ಸ್ವಲ್ಪ ಹೊತ್ತು ನೇತಾಡಿ ಬಿದ್ದಿತು. ಅದರ ಹಿಂದೆ ಇನ್ನೊಂದು ಬರಲಿಲ್ಲ. ಬೆಲ್ ಹೌಸಿಂಗನ್ನು ಬಟ್ಟೆಯಿಂದ ಒರೆಸಿದೆ. ಹೋದ ಎಣ್ಣೆಯಷ್ಟು ಹೊಸದು ತುಂಬಿ, ಡಯಲ್ ತಿರುಗಿ ಸಿಕ್ಕಿಸಿ, ಅದೇ ಏರನ್ನು ಮುಂದುವರಿಸಿದೆವು. ತಿರುವಿನ ಮೇಲೆ ತಿರುವು ಬಂತು, ಹಿಂದೆ ದೋಣಿ ಜಗ್ಗುತ್ತಿತ್ತು, ಎಂಜಿನ್ ಹೂಂಕರಿಸುತ್ತಿತ್ತು. ಮುಳ್ಳು ಸೊನ್ನೆಯ ಮೇಲೆ ಮಲಗಿದ್ದು ಏಳಲೇ ಇಲ್ಲ. ಅದನ್ನು ನೋಡುತ್ತ ನಾನು ತೊಡೆ ತಟ್ಟಿ ನಕ್ಕೆ. ಅಕ್ಕ ರಸ್ತೆಯಿಂದ ಕಣ್ಣು ತೆಗೆಯದೆ ತಾವೂ ನಗುತ್ತಿದ್ದರು. ತಿರುಗಿಸಲು ಜಾಗ ಸಿಕ್ಕಿದಲ್ಲಿ ನಿಲ್ಲಿಸಿ ಇಬ್ಬರೂ ಅಡಿಗೆ ಬಗ್ಗಿ ನೋಡಿದೆವು. ಒಣಗಿತ್ತು.

ಕಾಪುವಿಗೆ ಬಂದ ಮೇಲೆ ಒಂದು ಕಷ್ಟದ ಕೆಲಸ ಉಳಿದಿತ್ತು, ಮಾವನಿಗೆ ಹೇಳುವುದು. ಜೀವನವಿಡೀ ದೋಣಿಯಲ್ಲೇ ಕಳೆದವರು, ಈಗ ಕಡಲಿಗೆ ಹೋಗುವುದಿಲ್ಲ. ಸೊಸೆಯ ಗಾಡಿಯನ್ನು ಪ್ರೀತಿಯಿಂದ ದೋಣಿಯ ಹಾಗೆಯೇ ನೋಡಿಕೊಂಡಿದ್ದರು, ಅದೇ ತಪ್ಪಾಗಿತ್ತು. ನಾನು ಕೊಯ್ದ ಟ್ಯೂಬಿನ ತುಂಡನ್ನು ಅವರ ಕೈಯಲ್ಲಿಟ್ಟು ವಿಷಯ ಹೇಳಿದೆ. ಅವರು ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಸಪ್ಪಗಾದರು.

“ತೂತು ಕಂಡರೆ ಮುಚ್ಚುವುದು ನಮ್ಮ ಅಭ್ಯಾಸ ಮಗ,” ಎಂದರು. “ದೋಣಿಯಲ್ಲಿ ಒಂದು ತೂತು ಬಿಟ್ಟರೆ ಮನೆಗೆ ಬರಲಿಕ್ಕಿಲ್ಲ. ಇದಕ್ಕೆ ತೂತು ಬೇಕು ಎಂದು ನನಗೆ ಯಾರು ಹೇಳಿದ್ದಾರೆ?”

ಯಾರೂ ಹೇಳಿಲ್ಲ ಅಜ್ಜ, ನಾವೂ ನೋಡಲಿಲ್ಲ ಎಂದೆ. ಅದು ಅವರ ಸಮಾಧಾನಕ್ಕೆ ಹೇಳಿದ ಮಾತಲ್ಲ, ನಿಜವೇ. ಅವರು ಎದ್ದು ಬಂದು, ಹೊಸ ಟ್ಯೂಬನ್ನು ಎಲ್ಲಿಗೆ ಕಟ್ಟುತ್ತಿ ಎಂದು ಕೇಳಿದರು. ಹಳೆಯ ಜಾಗಕ್ಕೇ ಎಂದೆ. ಬೇಡ, ದೋಣಿ ಇಳಿಸುವಾಗ ಹಿಂದಿನ ಚಕ್ರ ನೀರಿಗೆ ಇಳಿಯುತ್ತದೆ, ಎಂಜಿನ್ನಿನ ಹತ್ತಿರ ಎತ್ತರಕ್ಕೆ ತಂದು ದೋಣಿಯ ಡೀಸೆಲ್ ಟ್ಯಾಂಕಿನ ಗಾಳಿ ಪೈಪಿನ ಹಾಗೆ ಮೇಲಿಂದ ಕೊಕ್ಕೆಯಂತೆ ಬಗ್ಗಿಸು ಎಂದರು. ಹಾಗೆಯೇ ಮಾಡಿದೆ. ಉದ್ದ ಟ್ಯೂಬು ತಂದು, ಬಾನೆಟ್ಟಿನ ಅಡಿಗೆ ಎತ್ತರದಲ್ಲಿ ಕಟ್ಟಿ ಬಾಯಿ ಕೆಳಗೆ ಮಾಡಿದೆ. ಕಟ್ಟುವ ಗಂಟನ್ನು ಅವರೇ ಹಾಕಿದರು, ಬಲೆಯ ನೂಲಿನಲ್ಲಿ. ನನ್ನ ಪ್ಲಾಸ್ಟಿಕ್ ಟೈಗಿಂತ ಅದು ಗಟ್ಟಿ ಕೂತಿತು.

ಆಮೇಲಿನ ದಿನಗಳಲ್ಲಿ ಅಕ್ಕ ದೋಣಿಗಳನ್ನು ಒಂದರ ಹಿಂದೆ ಒಂದರಂತೆ ಇಳಿಸಿದರು. ಪ್ರತಿ ಸಲ ಕಾಪು ಮುಟ್ಟಿದಾಗ ಗ್ಯಾರೇಜಿನ ಮುಂದೆ ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದರು, ನಾನು ಕೆಲಸ ಬಿಟ್ಟು ಬಗ್ಗಿ ನೋಡುತ್ತಿದ್ದೆ. ಮೇಸ್ತ್ರಿಯೂ ಬಗ್ಗುತ್ತಿದ್ದರು. ಗುರಿಕಾರರು ಮಾತ್ರ ನಂಬಿಕೆ ಸಾಲದೆ ಟ್ರ್ಯಾಕ್ಟರನ್ನು ಕಡಲ ಬದಿಯಲ್ಲಿ ತಂದು ನಿಲ್ಲಿಸಿಕೊಂಡಿದ್ದರು. ಟ್ರ್ಯಾಕ್ಟರಿನವನು ಅದರ ಸೀಟಿನಲ್ಲಿ ಕೂತು ದಿನವೂ ಪಿಕಪ್ಪಿನ ಅಡಿಯನ್ನೇ ನೋಡುತ್ತಿದ್ದ.

ಸಮುದ್ರ ಪೂಜೆಯ ದಿನ ಬೆಳಿಗ್ಗೆ ಉಳಿದಿದ್ದು ಒಂದೇ ದೋಣಿ, ಎಲ್ಲಕ್ಕಿಂತ ದೊಡ್ಡದು. ಗುಂಪಿನವರೆಲ್ಲ ಬಿಳಿ ಬಟ್ಟೆಯಲ್ಲಿ ಮರಳಿ‌ನ ಮೇಲೆ ಸೇರಿದ್ದರು, ನಾನೂ ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿದ್ದೆ. ಅಕ್ಕ ಬೆಳ್ಮಣ್‌ನಿಂದ ನೇರ ಕಡಲಿಗೆ ಬಂದರು. ಟ್ರೈಲರನ್ನು ಒಂದೇ ರಿವರ್ಸಿನಲ್ಲಿ ನೀರಿಗೆ ಇಳಿಸಿದರು. ಒಂದು ತೆರೆ ಬಂದು ದೋಣಿಯನ್ನು ಎತ್ತಿಕೊಂಡಿತು, ಹುಡುಗರು ಹಗ್ಗ ಹಿಡಿದು ಎಳೆದುಕೊಂಡರು. ಪಿಕಪ್ ಒದ್ದೆ ಮರಳಿನಲ್ಲಿ ಗುಮ್ಮೆಂದು ಮೇಲೆ ಹತ್ತಿ ಬಂದು ನಿಂತಿತು. ಗುರಿಕಾರರು ಟ್ರ್ಯಾಕ್ಟರಿನ ಕಡೆಗೆ ಕೈಬೀಸಿ, ನೀನು ಇನ್ನು ಹೊರಡಬಹುದು ಎಂದರು. ಆಮೇಲೆ ಅಕ್ಕನ ಕಿಟಕಿಯ ಹತ್ತಿರ ಬಂದು ಬರುವ ಬೇಸಿಗೆಯದ್ದೂ ನೀವೇ ನೋಡಿಕೊಳ್ಳಿ ಎಂದರು. ಅಕ್ಕ ಆಯಿತು ಎಂದರು, ಅಷ್ಟೇ. ಆದರೆ ಸ್ಟೇರಿಂಗಿನ ಮೇಲಿಂದ ಕೈ ತೆಗೆಯಲು ಅವರಿಗೆ ತುಂಬ ಹೊತ್ತು ಹಿಡಿಯಿತು.

ನಾನು ಟಾರ್ಚ್ ಹಿಡಿದು ಬಿಳಿ ಅಂಗಿಯಲ್ಲೇ ಮರಳಿನ ಮೇಲೆ ಮಲಗಿ ಗಾಡಿಯ ಅಡಿಗೆ ಸರಿದೆ. ಬೆಲ್ ಹೌಸಿಂಗಿನ ತುಟಿಯಲ್ಲಿ ಬೆಳ್ಮಣ್ ರಸ್ತೆಯ ಒಣ ಕೆಸರು ಬಿಟ್ಟರೆ ಬೇರೇನೂ ಇರಲಿಲ್ಲ. ಎದ್ದು ಬರಬಹುದಿತ್ತು, ಬರಲು ಮನಸ್ಸಾಗಲಿಲ್ಲ. ಎಷ್ಟು ಹೊತ್ತಾಯಿತೋ, ಅಕ್ಕ ಬಗ್ಗಿ ಇಣುಕಿದರು.

“ಎಂತ ಅಣ್ಣ, ಅಲ್ಲೇ ನಿದ್ದೆಯಾ? ಎಂತ ಕಾಣ್ತದೆ?”

“ಎಂತದ್ದೂ ಇಲ್ಲ ಅಕ್ಕ,” ಎಂದೆ. “ಅದನ್ನೇ ನೋಡ್ತಾ ಇದ್ದೇನೆ.”